ಹರ್ಷೆಲನ ನೇತ್ರಕಗಳು: ಯುರೇನಸ್ ಶೋಧದ ಇತಿಹಾಸದಲ್ಲಿ ಉಪೇಕ್ಷಿತವಾದ ಒಂದು ಸಂಗತಿ

ಯುರೇನಸ್ ಗ್ರಹದ ಶೋಧವನ್ನು ಕುರಿತು ನಮ್ಮ ಪಠ್ಯಪುಸ್ತಕಗಳಲ್ಲಿ ದೊರೆಯುವ ವೃತ್ತಾಂತ ಸಾಮಾನ್ಯವಾಗಿ ಎರಡು ಮೂರು ವಾಕ್ಯಗಳನ್ನು ಮೀರುವುದಿಲ್ಲ. ಇಂಗ್ಲೆಂಡಿನ ಬಾತ್ ನಗರದಲ್ಲಿ ಸಂಗೀತವೃತ್ತಿಯಲ್ಲಿದ್ದ ವಿಲಿಯಂ ಹರ್ಷೆಲ್ ಎಂಬವನು ತಾನೇ ದರ್ಪಣವನ್ನು ಉಜ್ಜಿ ದೂರದರ್ಶಕವೊಂದನ್ನು ರಚಿಸಿಕೊಂಡನು. ೧೭೮೧ನೆಯ ಇಸವಿ ಮಾರ್ಚಿ ೧೩ರ ರಾತ್ರಿ ಅದರ ಮೂಲಕ ಆಕಾಶವನ್ನು ನೋಡುತ್ತಿದ್ದಾಗ ಅವನಿಗೆ ಹೊಸ ಗ್ರಹವು ಗೋಚರವಾಯಿತು. ಇಷ್ಟನ್ನು ಓದಿದ ವಿದ್ಯಾರ್ಥಿಯು ಎರಡರಲ್ಲಿ ಒಂದು ತೀರ್ಮಾನಕ್ಕೆ ಬರುವುದು ಸಹಜ. ಇದು ಅದೃಷ್ಟದ ಫಲ ಎಂಬುದು ಒಂದು. ಒಳ್ಳೆಯ ದರ್ಪಣದ ಫಲ ಎಂಬುದು ಇನ್ನೊಂದು. ಮೊದಲನೆಯದನ್ನು ಹರ್ಷೆಲನು ತಾನೇ ಒಪ್ಪಲಿಲ್ಲ. ಆಕಾಶದ ತಾರೆಗಳನ್ನು ಒಂದೊಂದಾಗಿ ಕ್ರಮವಾಗಿ ಪರೀಕ್ಷಿಸುತ್ತ ಬಂದವನಿಗೆ ಆ ತಾರೆಯ ಸರದಿ ಆ ರಾತ್ರಿ ಬಂದಿತು, ಅಷ್ಟೇ ಎಂಬುದು ಅವನ ವಾದ. ಎರಡನೆಯದರಲ್ಲಿ ಸತ್ಯಾಂಶವಿದೆಯಾದರೂ ಅದು ಪೂರ್ಣ ಸತ್ಯವಲ್ಲವೆಂದು ನಮ್ಮ ಅಭಿಪ್ರಾಯ. ದರ್ಪಣದಷ್ಟೇ ನಿರ್ಣಾಯಕವಾಗಿದ್ದ ಮತ್ತೊಂದು ಅಂಗವು ಆ ಯಂತ್ರದಲ್ಲಿತ್ತು. ಅದರ ಆಯ್ಕೆಯನ್ನು ಹರ್ಷೆಲನು ಹೇಗೆ ಮಾಡಿದನು, ಆ ಆಯ್ಕೆಗಾಗಿ ಯಾವ ಅಪನಂಬಿಕೆಗೆ ಗುರಿಯಾದನು ಎಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ನಾವು ಹೇಳುತ್ತಿರುವುದು ದೂರದರ್ಶಕದಲ್ಲಿ ಕಣ್ಣಿಟ್ಟು ನೋಡುವ ಕಡೆಯಲ್ಲಿರುವ ಚಿಕ್ಕ ಮಸೂರವನ್ನು. ಭೌತವಿಜ್ಞಾನದ ಪುಸ್ತಕಗಳು ಇದನ್ನು ನೇತ್ರಮಸೂರವೆನ್ನುತ್ತವೆ; ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳ ಬಾಯಲ್ಲಿ ಅದು ಐಪೀಸ್. ಒಂದೇ ಕೊಳವೆಯಲ್ಲಿ ಎರಡು ಮೂರು ಮಸೂರಗಳು ಕೂಡಿರುವುದೂ ಉಂಟಾದ್ದರಿಂದ ಇಲ್ಲಿ ನೇತ್ರಕ ಎಂಬ ಮಾತನ್ನು ಬಳಸುತ್ತೇವೆ. ದೊಡ್ಡ ದರ್ಪಣದ ಕೆಲಸ ಬೆಳಕನ್ನು ಕೂಡಿಸಿ ಬಿಂಬವನ್ನು ನಿರ್ಮಿಸುವುದು. ಆ ಬಿಂಬವನ್ನು ಹಿಗ್ಗಿಸಿ ಕಣ್ಣಿಗೆ ಒಪ್ಪಿಸುವುದು ನೇತ್ರಕದ ಕೆಲಸ. ದರ್ಪಣದ ಸಂಗಮದೂರವನ್ನು ನೇತ್ರಕದ ಸಂಗಮದೂರದಿಂದ ಭಾಗಿಸಿದರೆ ಎಷ್ಟು ಪಟ್ಟು ವರ್ಧನವೆಂಬುದು ತಿಳಿಯುತ್ತದೆ. ಆದಕಾರಣ ದೂರದರ್ಶಕಕ್ಕೆ ಇಷ್ಟೇ ಎಂಬ ನಿಶ್ಚಿತವಾದ ವರ್ಧನಶಕ್ತಿ ಇಲ್ಲ. ನೇತ್ರಕವನ್ನು ಬದಲಿಸಿದಂತೆಲ್ಲ ಅದು ಬದಲಾಗುತ್ತದೆ. ವರ್ಧನ ಹೆಚ್ಚಿದಷ್ಟೂ ಕಾಣುವ ಆಕಾಶದ ತುಣುಕು ಕಿರಿದಾಗುತ್ತದೆ, ಅದೇ ಬೆಳಕು ಹೆಚ್ಚು ವಿಸ್ತಾರಕ್ಕೆ ಹರಡಿ ಬಿಂಬ ಮಂಕಾಗುತ್ತದೆ, ಗಾಳಿಯ ಅದುರಾಟವೂ ಅಷ್ಟೇ ಪಟ್ಟು ಹಿಗ್ಗಿ ಕಾಣುತ್ತದೆ. ಒಂದನ್ನು ಪಡೆಯಬೇಕಾದರೆ ಇನ್ನೊಂದನ್ನು ಬಿಟ್ಟುಕೊಡಬೇಕು. ಹವ್ಯಾಸಿಯೊಬ್ಬನು ಇಂದು ನೇತ್ರಕಗಳನ್ನು ಕೊಳ್ಳಲು ಹೊರಟಾಗ ಎದುರಿಸುವ ಸಮಸ್ಯೆಯೂ ಇದೇ.

ಹರ್ಷೆಲನ ಕಾಲಕ್ಕೆ ನೇತ್ರಕಕ್ಕೆ ನೂರ ಎಪ್ಪತ್ತು ವರ್ಷಗಳ ಇತಿಹಾಸವಾಗಿತ್ತು. ಗೆಲಿಲಿಯೋ ೧೬೦೯–೧೬೧೦ರಲ್ಲಿ ಉಪಯೋಗಿಸಿದ್ದು ನಿಮ್ನ ಮಸೂರ. ಅದರಲ್ಲಿ ಬಿಂಬ ನೆಟ್ಟಗೆ ಕಾಣುತ್ತಿತ್ತಾದರೂ ದೃಷ್ಟಿಕ್ಷೇತ್ರ ಅತಿ ಸಂಕುಚಿತ. ಇಪ್ಪತ್ತು ಪಟ್ಟು ವರ್ಧನದಲ್ಲಿಯೇ ಚಂದ್ರಬಿಂಬ ಪೂರ್ತಿಯಾಗಿ ಒಳಗೆ ಹಿಡಿಸುತ್ತಿರಲಿಲ್ಲ. ನಿಮ್ನ ಮಸೂರದ ಸ್ಥಳದಲ್ಲಿ ಪೀನ ಮಸೂರವನ್ನು ಇಡಬಹುದೆಂದು ಕೆಪ್ಲರನು ೧೬೧೧ರ ತನ್ನ 'ಡಯೋಪ್‌ಟ್ರಿಸ್' ಗ್ರಂಥದಲ್ಲಿ ತೋರಿಸಿದನು. ಬಿಂಬ ತಲೆಕೆಳಗಾಗುತ್ತದೆ, ಆದರೆ ಕ್ಷೇತ್ರ ವಿಸ್ತಾರವಾಗುತ್ತದೆ. ಆಕಾಶಕ್ಕೆ ಮೇಲುಕೆಳಗೆಂಬ ನಿರ್ಬಂಧವಿಲ್ಲದ್ದರಿಂದ ಖಗೋಳಜ್ಞರಿಗೆ ಇದರಿಂದ ನಷ್ಟವೇನೂ ಆಗಲಿಲ್ಲ. ಹಾಲೆಂಡಿನ ಕ್ರಿಸ್ಟಿಯಾನ್ ಹೈಗೆನ್ಸ್ ೧೬೫೫ರಲ್ಲಿ ಶನಿಯ ದೊಡ್ಡ ಉಪಗ್ರಹವನ್ನು ಕಂಡದ್ದು ಸುಮಾರು ಐವತ್ತು ಪಟ್ಟು ವರ್ಧನದಲ್ಲಿ. ಅವನು ೧೬೬೨ರ ಸುಮಾರಿಗೆ ಎರಡು ಮಸೂರಗಳನ್ನು ಒಂದರ ಹಿಂದೊಂದು ಇರಿಸಿದ ಸಂಯುಕ್ತ ನೇತ್ರಕವನ್ನು ರೂಪಿಸಿದನು. ಮೊದಲ ಮಸೂರ ಅಂಚಿನ ಕಿರಣಗಳನ್ನು ಒಳಕ್ಕೆ ಬಾಗಿಸಿ ಕ್ಷೇತ್ರವನ್ನು ವಿಸ್ತರಿಸುತ್ತದೆ, ಎರಡನೆಯದು ಹಿಗ್ಗಿಸುತ್ತದೆ. ಎರಡರ ನಡುವಣ ಅಂತರವನ್ನು ಸರಿಯಾಗಿ ಇಟ್ಟರೆ ಬಣ್ಣದ ಅಂಚುಗಳು ಬಹುಮಟ್ಟಿಗೆ ಅಳಿಯುತ್ತವೆ. ಹದಿನೆಂಟನೆಯ ಶತಮಾನದಲ್ಲಿ ಹೈಗೆನ್ಸನ ಜೋಡಿಮಸೂರದ ನೇತ್ರಕವೇ ಬಲ್ಲವರ ಮೆಚ್ಚಿಗೆಯ ಸಾಧನವಾಗಿತ್ತು. ಹರ್ಷೆಲನು ಅದನ್ನು ಬಿಟ್ಟು ಒಂಟಿಮಸೂರಕ್ಕೆ ಹಿಂದಿರುಗಿದನು. ಮೇಲುನೋಟಕ್ಕೆ ಇದು ನೂರು ವರ್ಷ ಹಿಂದಕ್ಕೆ ಹೋದಂತೆ.

ಅವನು ೧೭೩೮ರಲ್ಲಿ ಜರ್ಮನಿಯ ಹ್ಯಾನೋವರಿನಲ್ಲಿ ಹುಟ್ಟಿದವನು. ೧೭೫೭ರಲ್ಲಿ ಇಂಗ್ಲೆಂಡಿಗೆ ಬಂದು ೧೭೬೬ರಲ್ಲಿ ಬಾತ್ ನಗರದ ಆಕ್ಟಗನ್ ಚಾಪೆಲ್ಲಿನಲ್ಲಿ ಆರ್ಗನ್ ವಾದಕನಾಗಿ ನೆಲೆಸಿದನು. ಹಗಲೆಲ್ಲ ಸಂಗೀತಪಾಠ, ಕಚೇರಿ, ರಾತ್ರಿ ಆಕಾಶ. ೧೭೭೩ರಲ್ಲಿ ದರ್ಪಣಗಳನ್ನು ಉಜ್ಜಲು ಆರಂಭಿಸಿದನು. ಪ್ರಸಿದ್ಧವಾದ ಏಳಡಿಯ ದೂರದರ್ಶಕದ ದರ್ಪಣಕ್ಕೆ ೬.೨ ಅಂಗುಲ ವ್ಯಾಸ. ತಾಮ್ರ ತವರಗಳ ಮಿಶ್ರಲೋಹದ್ದು. ಇದಕ್ಕಾಗಿ ಅವನು ಒಂದಲ್ಲ, ಅನೇಕ ನೇತ್ರಕಗಳನ್ನು ಅಣಿಮಾಡಿಕೊಂಡಿದ್ದನು. ಅವುಗಳಲ್ಲಿ ಕೆಲವಕ್ಕೆ ಕೋಕಸ್ ಮರದ ಹಿಡಿಕೆ. ಓಬೋ ಮೊದಲಾದ ಊದುವಾದ್ಯಗಳನ್ನು ಕಡೆಯುತ್ತಿದ್ದ ಮರವದು. ಹರ್ಷೆಲನು ಯೌವನದಲ್ಲಿ ಸೈನ್ಯದ ವಾದ್ಯಮೇಳದಲ್ಲಿ ಓಬೋ ನುಡಿಸುತ್ತಿದ್ದವನೆಂಬುದನ್ನು ನೆನೆದರೆ, ಅವನ ಎರಡು ವೃತ್ತಿಗಳು ಎಲ್ಲಿ ಸಂಧಿಸಿದುವೆಂಬುದು ಸ್ವಾರಸ್ಯವಾಗಿ ತೋರುತ್ತದೆ.

ಮಾರ್ಚಿ ೧೩ರ ರಾತ್ರಿ ಯಂತ್ರದಲ್ಲಿದ್ದ ನೇತ್ರಕ ೨೨೭ ಪಟ್ಟು ವರ್ಧನದ್ದು. ಲೆಕ್ಕ ಹಾಕಿದರೆ ಅದರ ಸಂಗಮದೂರ ಒಂಬತ್ತುವರೆ ಮಿಲಿಮೀಟರಿನಷ್ಟಾಗುತ್ತದೆ. ಇಂದಿನ ಹವ್ಯಾಸಿಯ ಪೆಟ್ಟಿಗೆಯಲ್ಲಿಯೂ ಇದೇ ಅಳತೆಯದು ಸಾಮಾನ್ಯವಾಗಿ ಒಂದಿರುತ್ತದೆ. ಮಿಥುನ ರಾಶಿಯ ಅಂಚಿನ ಚಿಕ್ಕ ತಾರೆಗಳ ನಡುವೆ ಒಂದು ಉಳಿದವುಗಳಿಗಿಂತ ಸ್ಪಷ್ಟವಾಗಿ ದೊಡ್ಡದಾಗಿ ಕಂಡಿತು. ಇಲ್ಲಿಯವರೆಗಿನದು ನೋಟ. ಮುಂದೆ ಅವನು ಮಾಡಿದ್ದು ಪ್ರಯೋಗ. ನಿಜವಾದ ನಕ್ಷತ್ರದ ತೋರಿಕೆಯ ವ್ಯಾಸವು ವರ್ಧನಕ್ಕೆ ಅನುಗುಣವಾಗಿ ಬೆಳೆಯುವುದಿಲ್ಲ, ಗ್ರಹದ ವ್ಯಾಸ ಬೆಳೆಯುತ್ತದೆ ಎಂಬುದು ಅವನಿಗೆ ಅನುಭವದಿಂದ ಗೊತ್ತಿತ್ತು. ಅವನು ೨೨೭ರ ನೇತ್ರಕವನ್ನು ತೆಗೆದು ೪೬೦ರದನ್ನು ಹಾಕಿದನು. ಅದನ್ನೂ ತೆಗೆದು ೯೩೨ರದನ್ನು ಹಾಕಿದನು. ಆ ಕಾಯದ ವ್ಯಾಸ ವರ್ಧನದ ಪ್ರಮಾಣದಲ್ಲಿಯೇ ಬೆಳೆಯಿತು. ಹೋಲಿಕೆಗೆ ಇಟ್ಟುಕೊಂಡ ಪಕ್ಕದ ತಾರೆಗಳು ಹಾಗೆ ಬೆಳೆಯಲಿಲ್ಲ. ಅದು ನಕ್ಷತ್ರವಲ್ಲವೆಂಬುದು ಇಷ್ಟರಿಂದ ಸಿದ್ಧವಾಯಿತು. ಅದು ತಾರೆಗಳ ನಡುವೆ ಸ್ಥಳ ಬದಲಿಸಿದ್ದನ್ನು ನಾಲ್ಕು ದಿನಗಳ ಮೇಲೆ, ೧೭ರಂದು, ಕಂಡನು.

ಈ ಪ್ರಯೋಗದ ಮಹತ್ವ ತಿಳಿಯಬೇಕಾದರೆ ಅದಕ್ಕಿಂತ ಹಿಂದಿನ ಸಂಗತಿಯೊಂದನ್ನು ಗಮನಿಸಬೇಕು. ಯುರೇನಸನ್ನು ಹರ್ಷೆಲನಿಗಿಂತ ಮುಂಚೆ ಹಲವರು ನೋಡಿದ್ದರು. ಫ್ಲಾಂಸ್ಟೀಡನು ೧೬೯೦ರಲ್ಲಿ ಅದನ್ನು ವೃಷಭ ರಾಶಿಯ ಒಂದು ನಕ್ಷತ್ರವೆಂದು ಪಟ್ಟಿಗೆ ಸೇರಿಸಿದ್ದನು. ಟೋಬಿಯಾಸ್ ಮೇಯರನು ೧೭೫೬ರಲ್ಲಿ ಕಂಡಿದ್ದನು. ಪ್ಯಾರಿಸಿನ ಲ ಮೊನ್ಯೇ ಸುಮಾರು ಹನ್ನೆರಡು ಸಲ ಅದರ ಸ್ಥಾನವನ್ನು ಬರೆದಿಟ್ಟಿದ್ದನು. ಇವರು ಅಜಾಗರೂಕರಲ್ಲ, ತಮ್ಮ ಕಾಲದ ನುರಿತ ವೀಕ್ಷಕರು. ಆದರೆ ಇವರ ಯಂತ್ರಗಳು ಸ್ಥಾನವನ್ನು ಅಳೆಯಲು ಮಾಡಿದಂಥವು. ಅದಕ್ಕೆ ಕಡಮೆ ವರ್ಧನವೇ ಸಾಕಾಗಿತ್ತು, ಅನುಕೂಲವೂ ಆಗಿತ್ತು. ನೇತ್ರಕವನ್ನು ಬದಲಿಸಿ ನೋಡುವ ಪ್ರಸಂಗ ಆ ಕೆಲಸದಲ್ಲಿ ಬರುವುದೇ ಇಲ್ಲ. ನಾಲ್ಕು ವಿಕಲೆಯಷ್ಟು ಕಿರಿದಾದ ಬಿಂಬವು ಅಂಥ ನೋಟದಲ್ಲಿ ನಕ್ಷತ್ರದಿಂದ ಬೇರೆಯಾಗಿ ಕಾಣಲಾರದು. ೨೨೭ ಪಟ್ಟು ಹಿಗ್ಗಿದಾಗ ಅದು ಬರಿಗಣ್ಣಿಗೆ ಕಾಣುವ ಚಂದ್ರನ ಅರ್ಧದಷ್ಟಾಗುತ್ತದೆ. ನೋಡಿದವರಿಗೂ ಕಂಡುಹಿಡಿದವನಿಗೂ ನಡುವೆ ಇದ್ದ ಅಂತರವನ್ನು ಬರಿಯ ದರ್ಪಣದಿಂದ ವಿವರಿಸಲಾಗದೆಂದು ನಾವು ಹೇಳುವುದು ಈ ಕಾರಣದಿಂದ. ಪ್ಯಾರಿಸಿನ ಮೆಸ್ಸಿಯೇ, ಧೂಮಕೇತುವಿನ ಲಕ್ಷಣವೊಂದೂ ಇಲ್ಲದ ಈ ಕಾಯವನ್ನು ಹೇಗೆ ಗುರುತಿಸಿದಿರೆಂದು ಹರ್ಷೆಲನಿಗೆ ಬೆರಗುಗೊಂಡು ಬರೆದದ್ದು ಸರಿಯಾಗಿಯೇ ಇತ್ತು.

ಆದರೆ ಇದೇ ನೇತ್ರಕಗಳು ಅವನಿಗೆ ತಪ್ಪು ದಾರಿಯನ್ನೂ ತೋರಿಸಿದುವೆಂಬುದನ್ನು ಮರೆಮಾಚಲಾಗದು. ಬಹಳ ಹೆಚ್ಚಿನ ವರ್ಧನದಲ್ಲಿ ಆ ಬಿಂಬ ಮಸುಕಾಗಿ, ಅಂಚು ಅಸ್ಪಷ್ಟವಾಗಿ ಕಂಡಿತು. ಪಕ್ಕದ ತಾರೆಗಳಾದರೋ ಹೊಳಪನ್ನು ಉಳಿಸಿಕೊಂಡಿದ್ದುವು. ಮಸುಕು ಧೂಮಕೇತುವಿನ ಲಕ್ಷಣವಾದ್ದರಿಂದ ಅವನು ಅದನ್ನು ಧೂಮಕೇತುವೆಂದೇ ಎಣಿಸಿದನು. ಏಪ್ರಿಲ್ ೨೬ರಂದು ರಾಯಲ್ ಸೊಸೈಟಿಯಲ್ಲಿ ಓದಲಾದ ಅವನ ಪ್ರಬಂಧದ ಶೀರ್ಷಿಕೆಯೂ ಧೂಮಕೇತುವೊಂದರ ವೃತ್ತಾಂತವೆಂದೇ. ಮುಂದಿನ ವಾರಗಳಲ್ಲಿ ಸೂಕ್ಷ್ಮಮಾಪಕದಿಂದ ಅಳೆದಾಗ ವ್ಯಾಸ ದಿನೇ ದಿನೇ ಬೆಳೆಯುತ್ತಿರುವಂತೆ, ಎಂದರೆ ಅದು ನಮ್ಮತ್ತ ಬರುತ್ತಿರುವಂತೆ ಅವನಿಗೆ ತೋರಿತು. ವಾಸ್ತವವಾಗಿ ಆ ಕಾಲದಲ್ಲಿ ಭೂಮಿಗೂ ಯುರೇನಸಿಗೂ ನಡುವಣ ದೂರ ಹೆಚ್ಚುತ್ತಿತ್ತು. ಅದು ಗ್ರಹವೆಂದು ನಿಶ್ಚಯವಾದದ್ದು ಲೆಕ್ಸೆಲ್ ಮೊದಲಾದ ಗಣಿತಜ್ಞರ ಲೆಕ್ಕದಿಂದ. ಸೂರ್ಯನಿಂದ ಭೂಮಿಗಿರುವ ದೂರದ ಹತ್ತೊಂಬತ್ತರಷ್ಟು ದೂರದಲ್ಲಿ, ಬಹುಮಟ್ಟಿಗೆ ವೃತ್ತಾಕಾರವಾದ ಪಥದಲ್ಲಿ ಅದು ಸಂಚರಿಸುತ್ತಿರುವುದನ್ನು ಅವರು ತೋರಿಸಿದರು. ಶೋಧದ ಕೀರ್ತಿಯನ್ನು ಹಂಚುವಾಗ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ನ್ಯಾಯ.

ಕೀರ್ತಿಯ ಬೆನ್ನಲ್ಲಿಯೇ ಸಂಶಯವೂ ಬಂದಿತು. ೧೭೮೧ರ ನವೆಂಬರಿನಲ್ಲಿ ಕಾಪ್ಲಿ ಪದಕ, ಡಿಸೆಂಬರಿನಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ಅವನಿಗೆ ಸಂದಿದ್ದುವು. ಆದರೆ ನಕ್ಷತ್ರಗಳ ದೂರವನ್ನು ಅಳೆಯುವ ವಿಧಾನವನ್ನು ಕುರಿತು ಅದೇ ವರ್ಷದ ಕೊನೆಯಲ್ಲಿ ಸಲ್ಲಿಸಿದ ಪ್ರಬಂಧದಲ್ಲಿ ಅವನು ತಾನು ಉಪಯೋಗಿಸಿದ ವರ್ಧನಗಳನ್ನು ಹೆಸರಿಸಿದ್ದನು: ೪೬೦, ೯೩೨, ೧೫೩೬, ೨೦೧೦, ೩೧೬೮, ಕಡೆಗೆ ೬೪೫೦. ನೂರು ಇನ್ನೂರು ಪಟ್ಟಿನ ವರ್ಧನವೇ ಹೆಚ್ಚಿನದೆಂದು ಎಣಿಸುತ್ತಿದ್ದ ಲಂಡನ್ನಿನ ಖಗೋಳಜ್ಞರಿಗೆ ಈ ಅಂಕಗಳು ನಂಬಲಸಾಧ್ಯವಾಗಿ ತೋರಿದುವು. ಊರಾಚೆಯ ಸಂಗೀತದ ಮೇಷ್ಟರೊಬ್ಬನು, ವಿಶ್ವವಿದ್ಯಾನಿಲಯದ ಮುಖ ಕಾಣದವನು, ಗ್ರೀನಿಚ್ಚಿನ ವೇಧಶಾಲೆಯಲ್ಲಿಯೂ ಇಲ್ಲದ ಶಕ್ತಿ ತನ್ನ ಹಿತ್ತಲಿನ ಯಂತ್ರಕ್ಕೆ ಇದೆಯೆಂದರೆ ಯಾರು ತಾನೆ ಒಪ್ಪುವರು? ಅಂಕಗಳು ಸುಳ್ಳಾದರೆ ಜೋಡಿ ನಕ್ಷತ್ರಗಳನ್ನು ಕುರಿತ ಅವನ ಅಳತೆಗಳೂ ಸುಳ್ಳಾಗುತ್ತಿದ್ದುವು. ಪ್ರಶ್ನೆಗೊಳಗಾದದ್ದು ಒಂದು ಮಸೂರವಲ್ಲ, ಅವನ ಮಾತಿನ ಬೆಲೆ. ೧೭೮೨ರಲ್ಲಿ ಅವನು ಸೊಸೈಟಿಯ ಅಧ್ಯಕ್ಷನಾದ ಸರ್ ಜೋಸೆಫ್ ಬ್ಯಾಂಕ್ಸನಿಗೆ ಬರೆದ ಪತ್ರರೂಪದ ಪ್ರಬಂಧವೊಂದರಲ್ಲಿ, ತನ್ನ ವರ್ಧನಗಳನ್ನು ಹೇಗೆ ನಿರ್ಣಯಿಸಿದ್ದೇನೆಂಬುದನ್ನು ವಿವರಿಸಿ ಸಂಶಯಗಳಿಗೆ ಉತ್ತರವನ್ನು ಕೊಟ್ಟನು. ಅವನು ಅದೇ ಕಾಲದಲ್ಲಿ ಹೇಳಿದ ಇನ್ನೊಂದು ಮಾತು ನಮಗೆ ಬಹಳ ಅರ್ಥವತ್ತಾಗಿ ಕಾಣುತ್ತದೆ: ನೋಡುವುದೂ ಕಲಿಯಬೇಕಾದ ವಿದ್ಯೆಯೇ, ಇಂಥ ವರ್ಧನದಲ್ಲಿ ಒಬ್ಬನಿಗೆ ಥಟ್ಟನೆ ತೋರಿಸೆನ್ನುವುದು, ಅವನ ಕೈಯಲ್ಲಿ ಹ್ಯಾಂಡೆಲನ ಕೃತಿಯನ್ನು ಆರ್ಗನ್ನಿನ ಮೇಲೆ ನುಡಿಸೆಂದಂತೆ. ವೀಣೆಯನ್ನು ಕಲಿತ ಯಾರಿಗಾದರೂ ಈ ಹೋಲಿಕೆ ವಿವರಣೆಯಿಲ್ಲದೆ ತಿಳಿಯುತ್ತದೆ.

ಅದೇ ವರ್ಷ ಅವನ ಏಳಡಿಯ ಯಂತ್ರವನ್ನು ಗ್ರೀನಿಚ್ಚಿಗೆ ತಂದು ರಾಜಖಗೋಳಜ್ಞ ಮ್ಯಾಸ್ಕೆಲೈನನ ಯಂತ್ರಗಳೊಡನೆ ಹೋಲಿಸಿ ನೋಡಲಾಯಿತು. ಹರ್ಷೆಲನದೇ ಮೇಲೆಂಬುದು ನಿರ್ವಿವಾದವಾಯಿತು. ಮೂರನೆಯ ಜಾರ್ಜ್ ದೊರೆ ಅವನಿಗೆ ವರ್ಷಕ್ಕೆ ೨೦೦ ಪೌಂಡುಗಳ ವೇತನವನ್ನು ಗೊತ್ತುಮಾಡಿದನು. ಸಂಗೀತದ ಪಾಠ ನಿಂತಿತು. ಗ್ರೀನಿಚ್ಚಿನ ಪರೀಕ್ಷೆ ದರ್ಪಣದ ಗುಣವನ್ನು ಸ್ಥಾಪಿಸಿತು. ೬೪೫೦ರ ಪ್ರಶ್ನೆ ಮಾತ್ರ ಅಷ್ಟು ಬೇಗ ಮುಗಿಯಲಿಲ್ಲ. ಅಂಥ ವರ್ಧನ ಬರಬೇಕಾದರೆ ಮಸೂರದ ಸಂಗಮದೂರ ಒಂದು ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟಿರಬೇಕು. ಆ ಮಸೂರ ರಾಗಿಯ ಕಾಳಿಗಿಂತಲೂ ಸಣ್ಣದಾಗಿರಬೇಕು. ಹದಿನೆಂಟನೆಯ ಶತಮಾನದಲ್ಲಿ ಅಂಥದನ್ನು ಉಜ್ಜಿ ಕೂರಿಸುವುದು ಸಾಧ್ಯವೆ? ೧೯೨೦ರ ದಶಕದಲ್ಲಿ ಡಬ್ಲ್ಯು. ಎಚ್. ಸ್ಟೀವನ್‌ಸನ್ ಎಂಬ ಇಂಗ್ಲಿಷ್ ವೀಕ್ಷಕರು ಹರ್ಷೆಲನ ಮನೆತನದಲ್ಲಿ ಉಳಿದುಬಂದಿದ್ದ ಸಾಮಗ್ರಿಗಳನ್ನು ಪರೀಕ್ಷಿಸಿದಾಗ ಆ ಸೂಕ್ಷ್ಮಾತಿಸೂಕ್ಷ್ಮವಾದ ಮಸೂರಗಳು ದೊರೆತುವು. ಅವರು ಅಳತೆ ಮಾಡಿ ನೋಡಿದಾಗ ಹರ್ಷೆಲನು ಹೇಳಿದ್ದ ಅತ್ಯಧಿಕ ವರ್ಧನಗಳು ಉತ್ಪ್ರೇಕ್ಷೆಯಲ್ಲವೆಂದು ತಿಳಿದುಬಂದಿತು. ಸಂಶಯ ಹುಟ್ಟಿ ಅಷ್ಟುಹೊತ್ತಿಗೆ ನೂರ ನಲವತ್ತು ವರ್ಷಗಳಾಗಿದ್ದುವು.

ವರ್ಧನ ನಿಜವೆಂದ ಮಾತ್ರಕ್ಕೆ ಅದು ಪ್ರಯೋಜನಕರವೆಂದಾಗುವುದಿಲ್ಲ. ಇವೆರಡನ್ನು ಬೇರ್ಪಡಿಸದಿರುವುದು ಹರ್ಷೆಲನನ್ನು ಹೊಗಳುವವರ ಸಾಮಾನ್ಯ ದೋಷ. ೬೪೫೦ರಲ್ಲಿ ನೇತ್ರಕದಿಂದ ಹೊರಬೀಳುವ ಬೆಳಕಿನ ಎಳೆಯ ಅಗಲ ಒಂದು ಮಿಲಿಮೀಟರಿನ ನಲವತ್ತನೆಯ ಒಂದು ಭಾಗ ಮಾತ್ರ. ಭೂಮಿ ತಿರುಗುವುದರಿಂದ ನಕ್ಷತ್ರ ಒಂದೆರಡು ಸೆಕೆಂಡಿನಲ್ಲಿ ಕ್ಷೇತ್ರವನ್ನು ದಾಟಿಹೋಗುತ್ತದೆ. ಯಂತ್ರವನ್ನು ನಡೆಸುವ ಗಡಿಯಾರದ ಏರ್ಪಾಡು ಅವನಲ್ಲಿರಲಿಲ್ಲ, ಕೈಯಿಂದಲೇ ಹಿಂಬಾಲಿಸಬೇಕಾಗಿತ್ತು. ಇಷ್ಟು ಶ್ರಮಪಟ್ಟು ಅವನು ಅಭಿಜಿತ್ ನಕ್ಷತ್ರದ ವ್ಯಾಸವನ್ನು ಅಳೆದು ಒಂದು ವಿಕಲೆಯ ಮೂರನೆಯ ಒಂದು ಭಾಗದಷ್ಟೆಂದು ಗುರುತಿಸಿದನು. ಇಂದು ತಿಳಿದಿರುವಂತೆ ಅದರ ನಿಜವಾದ ವ್ಯಾಸ ಅದರ ನೂರರಲ್ಲಿ ಒಂದು ಪಾಲು. ಅವನು ಅಳೆದದ್ದು ನಕ್ಷತ್ರವನ್ನಲ್ಲ, ಬೆಳಕಿನ ವಿವರ್ತನೆಯಿಂದ ದೂರದರ್ಶಕದಲ್ಲಿಯೇ ಉಂಟಾಗುವ ಮಿಥ್ಯಾಬಿಂಬವನ್ನು. ಈ ಬಿಂಬದ ಅಳತೆ ದರ್ಪಣದ ವ್ಯಾಸವನ್ನು ಅವಲಂಬಿಸಿದೆಯೆಂಬುದನ್ನು ಜಾರ್ಜ್ ಏರಿ ೧೮೩೫ರಲ್ಲಿ ಗಣಿತದಿಂದ ಸಾಧಿಸಿದನು. ದರ್ಪಣದ ಒಂದೊಂದು ಅಂಗುಲಕ್ಕೆ ಐವತ್ತು ಪಟ್ಟನ್ನು ಮೀರಿದರೆ ಹೊಸ ವಿವರವೇನೂ ಸಿಕ್ಕುವುದಿಲ್ಲವೆಂದು ಈಗ ಹವ್ಯಾಸಿಗಳು ಪಾಲಿಸುವ ನಿಯಮಕ್ಕೂ ಇದೇ ಆಧಾರ. ಆ ಲೆಕ್ಕದಲ್ಲಿ ಹರ್ಷೆಲನ ಏಳಡಿಯ ಯಂತ್ರದ ಮಿತಿ ೩೧೦. ಯುರೇನಸನ್ನು ಕಂಡ ೨೨೭ರ ನೇತ್ರಕ ಮಿತಿಯ ಒಳಗೇ ಇತ್ತು. ೪೬೦, ೯೩೨ ಹೊರಗಿದ್ದುವು. ಆದರೂ ನಕ್ಷತ್ರವೋ ಅಲ್ಲವೋ ಎಂಬ ಪ್ರಶ್ನೆಗೆ ಉತ್ತರ ಕೊಟ್ಟದ್ದು ಮಿತಿಮೀರಿದ ಆ ಎರಡು ನೇತ್ರಕಗಳೇ ಎಂಬುದನ್ನು ನಿಯಮವನ್ನು ಬಾಯಿಪಾಠ ಮಾಡಿದವರು ಗಮನಿಸಬೇಕು.

ಇನ್ನು ಒಂಟಿಮಸೂರ, ಜೋಡಿಮಸೂರಗಳ ಪ್ರಶ್ನೆ. ಸಮಾನ ವರ್ಧನದ ಎರಡು ಬಗೆಯ ನೇತ್ರಕಗಳನ್ನೂ ಹೋಲಿಸಿ ನೋಡಿ, ಬೆಳಕಿನಲ್ಲಿಯೂ ಸ್ಪಷ್ಟತೆಯಲ್ಲಿಯೂ ಒಂಟಿಮಸೂರವೇ ಮೇಲೆಂದು ಕಂಡಿರುವುದಾಗಿ ಹರ್ಷೆಲನು ಮೇಲೆ ಹೇಳಿದ ಪ್ರಬಂಧದಲ್ಲಿಯೇ ತಿಳಿಸುತ್ತಾನೆ. ಒಂಟಿಮಸೂರದಲ್ಲಿ ಚೆನ್ನಾಗಿ ಕಾಣುತ್ತಿದ್ದ ಶನಿಯ ಮೈಮೇಲಿನ ಪಟ್ಟೆಗಳು ಜೋಡಿಮಸೂರದಲ್ಲಿ ಅವನಿಗೆ ಕಾಣಲಿಲ್ಲ. ಬೆಳಕು ಎಷ್ಟೆಷ್ಟು ನಷ್ಟವಾಗುತ್ತದೆಂಬುದನ್ನು ಅವನು ೧೮೦೦ರ ಪ್ರಬಂಧದಲ್ಲಿ ಅಂಕಗಳೊಡನೆ ಕೊಡುತ್ತಾನೆ: ಮಸೂರದ ಮೇಲೆ ಬಿದ್ದ ೧,೦೦,೦೦೦ ಕಿರಣಗಳಲ್ಲಿ ಆಚೆಗೆ ದಾಟುವುವು ೯೪,೮೨೫, ಲೋಹದ ದರ್ಪಣ ಹಿಂದಿರುಗಿಸುವುವು ೬೭,೨೬೨ ಮಾತ್ರ. ಈ ಲೆಕ್ಕವನ್ನೇ ಮುಂದುವರಿಸಿದರೆ ಎರಡನೆಯ ಮಸೂರದಿಂದ ಆಗುವ ಹೆಚ್ಚಿನ ನಷ್ಟ ನೂರಕ್ಕೆ ಐದರಷ್ಟು. ಇಷ್ಟು ಅಲ್ಪ ವ್ಯತ್ಯಾಸದಿಂದ ಶನಿಯ ಪಟ್ಟೆಗಳು ಅಳಿಸಿಹೋಗುವುವೆಂದು ನಮಗೆ ತೋರುವುದಿಲ್ಲ. ಗಾಜಿನ ಮುಖಗಳ ನಡುವೆ ಅತ್ತಿತ್ತ ಪ್ರತಿಫಲಿಸಿದ ಬೆಳಕು ಕ್ಷೇತ್ರದ ತುಂಬ ಹರಡಿ ಸೂಕ್ಷ್ಮವಾದ ಛಾಯಾಭೇದವನ್ನು ಕೆಡಿಸಿರಬೇಕೆಂಬುದೇ ಹೆಚ್ಚು ಸಂಭವನೀಯ. ಮುಖ್ಯವಾದ ಇನ್ನೊಂದು ಅಂಶವೆಂದರೆ ಅವನ ದರ್ಪಣದ ಸಂಗಮದೂರ ಅದರ ವ್ಯಾಸದ ಹದಿಮೂರು ಪಟ್ಟಿಗಿಂತ ಹೆಚ್ಚಾಗಿತ್ತು. ಅಷ್ಟು ನೀಳವಾದ ಕಿರಣಶಂಕುವಿನಲ್ಲಿ ಒಂಟಿಮಸೂರದ ದೋಷಗಳು ಕ್ಷೇತ್ರದ ನಡುಭಾಗದಲ್ಲಿ ತಲೆಯೆತ್ತುವುದಿಲ್ಲ. ವ್ಯಾಸದ ಐದು ಪಟ್ಟು ಮಾತ್ರ ಸಂಗಮದೂರವುಳ್ಳ ಈಗಿನ ಗಿಡ್ಡ ದೂರದರ್ಶಕಗಳಲ್ಲಿ ಅದೇ ಮಸೂರ ಅಂಚಿನಲ್ಲಿ ಎಲ್ಲವನ್ನೂ ಕದಡಿಬಿಡುತ್ತದೆ. ಆದ್ದರಿಂದ ಹರ್ಷೆಲನ ತೀರ್ಪು ಅವನ ಯಂತ್ರಕ್ಕೆ ಸರಿ. ಎಲ್ಲ ಯಂತ್ರಗಳಿಗೂ ಸರಿಯೆಂದು ಎಣಿಸಲಾಗದು.

ಮುಂದಿನ ಇತಿಹಾಸವೂ ಇದನ್ನೇ ಸಮರ್ಥಿಸುತ್ತದೆ. ಜೆಸ್ಸಿ ರಾಮ್ಸ್‌ಡೆನ್ ೧೭೮೩ರಲ್ಲಿ ಪ್ರಕಟಿಸಿದ ನೇತ್ರಕದಲ್ಲಿ ಬಿಂಬದ ತಲ ಮಸೂರಗಳ ಹೊರಗಿದ್ದುದರಿಂದ ಅಳತೆಯ ತಂತಿಗಳನ್ನು ಅಲ್ಲಿ ಕಟ್ಟುವುದು ಸುಲಭವಾಯಿತು. ಕೆಲ್ನರ್ ೧೮೪೯ರಲ್ಲಿ, ವಿಯೆನ್ನಾ ನಗರದ ಪ್ಲೋಸ್ಲ್ ೧೮೬೦ರಲ್ಲಿ, ಎರ್ನ್ಸ್ಟ್ ಆಬೆ ೧೮೮೦ರಲ್ಲಿ ಹೊಸ ರಚನೆಗಳನ್ನು ತಂದರು. ಒಂದೊಂದು ಸಲವೂ ಗಾಜುಗಳ ಸಂಖ್ಯೆ ಏರುತ್ತಿದ್ದಂತೆ ಹರ್ಷೆಲನ ಆಕ್ಷೇಪಣೆಯೂ ಬಲವಾಗುತ್ತಿತ್ತು. ಅದು ಕುಂದಿದ್ದು ೧೯೩೫ರಲ್ಲ��, ಗಾಜಿನ ಮುಖಕ್ಕೆ ತೆಳುಪೊರೆಯನ್ನು ಲೇಪಿಸಿ ಪ್ರತಿಫಲನವನ್ನು ತಡೆಯುವ ವಿಧಾನವನ್ನು ಜರ್ಮನಿಯ ಝೈಸ್ ಸಂಸ್ಥೆಯಲ್ಲಿ ಸ್ಮಕುಲಾ ಕಂಡುಹಿಡಿದ ಮೇಲೆ. ಆ ಲೇಪವಿಲ್ಲದಿದ್ದರೆ ಆರೇಳು ಮಸೂರಗಳನ್ನು ಕೂಡಿಸಿದ ಇಂದಿನ ವಿಶಾಲಕ್ಷೇತ್ರದ ನೇತ್ರಕಗಳು ಮಂಜಿನ ಕಿಟಕಿಯಂತಿರುತ್ತಿದ್ದುವು. ಲೇಪ ಬಂದ ಮೇಲೆಯೂ ಗ್ರಹಗಳನ್ನೇ ನೋಡುವ ಹವ್ಯಾಸಿಗಳಲ್ಲಿ ಕೆಲವರು ಗಾಜು ಕಡಮೆಯಿರುವ ನೇತ್ರಕವನ್ನೇ ಆರಿಸುತ್ತಾರೆ.

ಹರ್ಷೆಲನನ್ನು ಒಂಟಿಮಸೂರದ ಏಕಾಂತ ಪಕ್ಷಪಾತಿಯೆಂದು ವರ್ಣಿಸುವ ರೂಢಿಯೂ ಉಂಟು. ಇದನ್ನು ನಾವು ಒಪ್ಪಲಾರೆವು. ವಿಶಾಲವಾದ ಕ್ಷೇತ್ರವೇ ಅತ್ಯಗತ್ಯವಾದ ಕಡೆಗಳನ್ನು ಅವನು ತನ್ನ ಮಾತಿನಿಂದ ಹೊರತುಪಡಿಸಿದ್ದನು; ಅವನ ಆಚರಣೆಯೂ ಅದಕ್ಕೆ ತಕ್ಕಂತಿತ್ತೆಂಬುದನ್ನು ಅಂಕಗಳಿಂದಲೇ ಊಹಿಸಬಹುದು. ನೀಹಾರಿಕೆಗಳನ್ನು ಹುಡುಕಲು ೧೭೮೩ರಲ್ಲಿ ಆರಂಭಿಸಿದ ಆಕಾಶ ಸಮೀಕ್ಷೆಗೆ ಅವನು ಉಪಯೋಗಿಸಿದ್ದು ಇಪ್ಪತ್ತಡಿಯ ಯಂತ್ರ, ದರ್ಪಣಕ್ಕೆ ಹದಿನೆಂಟು ಅಂಗುಲಕ್ಕೂ ಮಿಗಿಲಾದ ವ್ಯಾಸ. ಅದರ ನೇತ್ರಕದ ವರ್ಧನ ೧೫೭, ಕ್ಷೇತ್ರ ೧೫ ಕಲೆ ೪ ವಿಕಲೆ. ಇವೆರಡನ್ನೂ ಗುಣಿಸಿದರೆ ಕಣ್ಣಿಗೆ ತೋರುವ ಕ್ಷೇತ್ರ ಸುಮಾರು ನಲವತ್ತು ಅಂಶಗಳಷ್ಟಾಗುತ್ತದೆ. ಇಷ್ಟು ಅಗಲವನ್ನು ಒಂಟಿಮಸೂರ ಸಹ್ಯವಾಗಿ ತೋರಿಸಲಾರದು; ಆದ್ದರಿಂದ ಅದು ಸಂಯುಕ್ತ ನೇತ್ರಕವಾಗಿರಬೇಕು. ಏಳಡಿಯ ಯಂತ್ರದಲ್ಲಿ ಆರು ಸಾವಿರ ಪಟ್ಟನ್ನು ಪ್ರಯತ್ನಿಸಿದವನು ಮೂರು ಪಟ್ಟು ದೊಡ್ಡದಾದ ದರ್ಪಣಕ್ಕೆ ೧೫೭ನ್ನು ಆರಿಸಿಕೊಂಡನು! ಅವನು ಎರಡೂವರೆ ಸಾವಿರ ನೀಹಾರಿಕೆಗಳ ಮತ್ತು ತಾರಾಗುಚ್ಛಗಳ ಮೂರು ಪಟ್ಟಿಗಳನ್ನು ೧೭೮೬, ೧೭೮೯, ೧೮೦೨ರಲ್ಲಿ ಪ್ರಕಟಿಸಲು ಸಾಧ್ಯವಾದದ್ದು ಈ ಸಾಧಾರಣ ವರ್ಧನದಿಂದ.

ಅವನ ತಂಗಿ ಕ್ಯಾರೊಲೈನಳ ಯಂತ್ರ ಇದಕ್ಕಿಂತಲೂ ಸ್ಪಷ್ಟವಾದ ನಿದರ್ಶನ. ಧೂಮಕೇತುಗಳನ್ನು ಹುಡುಕುವುದಕ್ಕೆಂದು ಅಣ್ಣನು ಆಕೆಗೆ ಮಾಡಿಕೊಟ್ಟ ಚಿಕ್ಕ ದೂರದರ್ಶಕದ ಸಂಗಮದೂರ ೨೭ ಅಂಗುಲ, ದರ್ಪಣದ ವ್ಯಾಸ ನಾಲ್ಕು ಅಂಗುಲಕ್ಕೆ ತುಸು ಹೆಚ್ಚು, ವರ್ಧನ ಇಪ್ಪತ್ತರ ಸುಮಾರು, ಕ್ಷೇತ್ರ ೨ ಅಂಶ ೧೨ ಕಲೆ. ಒಂದೇ ನೋಟಕ್ಕೆ ಚಂದ್ರಬಿಂಬದ ನಾಲ್ಕರಷ್ಟು ಅಗಲ. ನೇತ್ರಕದಿಂದ ಹೊರಬೀಳುವ ಬೆಳಕಿನ ಕಟ್ಟು ಐದು ಮಿಲಿಮೀಟರು, ಎಂದರೆ ಕತ್ತಲಲ್ಲಿ ಅರಳಿದ ಕಣ್ಣಿನ ಪಾಪೆ ಒಳಗೊಳ್ಳಬಹುದಾದಷ್ಟು. ೧೭೮೬ನೆಯ ಆಗಸ್ಟ್ ೧ರಂದು ಆಕೆ ಕಂಡ ಧೂಮಕೇತು ಈ ಯಂತ್ರದ್ದೇ. ೧೭೯೭ರ ವೇಳೆಗೆ ಆಕೆಯ ಧೂಮಕೇತುಗಳ ಸಂಖ್ಯೆ ಎಂಟಕ್ಕೆ ಏರಿತು. ಮಂಕಾಗಿ ಹರಡಿಕೊಂಡ ವಸ್ತುವನ್ನು, ಅದು ಎಲ್ಲಿದೆಯೆಂದು ಮೊದಲೇ ತಿಳಿಯದೆ ಅರಸುವ ಕೆಲಸಕ್ಕೆ ಇದಕ್ಕಿಂತ ಉಚಿತವಾದ ಆಯ್ಕೆಯನ್ನು ಇಂದಿನವರೂ ಸೂಚಿಸಲಾರರು. ಕಾಲೇಜಿನ ವಿಜ್ಞಾನಸಂಘಕ್ಕೆ ದೂರದರ್ಶಕ ಬಂದಾಗ ಅತ್ಯಧಿಕ ವರ್ಧನದ ನೇತ್ರಕವನ್ನೇ ಮೊದಲು ಕೊಳ್ಳಬೇಕೆಂದು ಒತ್ತಾಯಿಸುವ ಉತ್ಸಾಹಿಗಳು ಈ ಅಣ್ಣತಂಗಿಯರ ಪೆಟ್ಟಿಗೆಗಳನ್ನು ಹೋಲಿಸಿ ನೋಡುವುದು ಮೇಲು.

ಯುರೇನಸಿಗೇ ಹಿಂದಿರುಗೋಣ. ಶೋಧವಾದ ಮೇಲೆ ಆರು ವರ್ಷಗಳ ಕಾಲ ಹರ್ಷೆಲನು ಅದರ ಉಪಗ್ರಹಗಳಿಗಾಗಿ ಅರಸಿದನು, ಸಿಗಲಿಲ್ಲ. ಗ್ರಹವನ್ನು ಕಾಣಿಸಿದ ಉಪಾಯ ಇಲ್ಲಿ ನಡೆಯಲಿಲ್ಲ. ಉಪಗ್ರಹಗಳಿಗೆ ಬೇಕಾದದ್ದು ಹಿಗ್ಗುವಿಕೆಯಲ್ಲ, ಬೆಳಕು. ಅವನು ಇಪ್ಪತ್ತಡಿಯ ಯಂತ್ರದ ಎರಡನೆಯ ದರ್ಪಣವನ್ನು ತೆಗೆದುಹಾಕಿ, ದೊಡ್ಡ ದರ್ಪಣವನ್ನು ತುಸು ವಾಲಿಸಿ, ನೇತ್ರಕವನ್ನು ಕೊಳವೆಯ ಬಾಯಿಯಲ್ಲಿಯೇ ಹಿಡಿದು ನೋಡತೊಡಗಿದನು. ಅವನು ತರುವಾಯ ಕೊಟ್ಟ ಅಂಕಗಳ ಪ್ರಕಾರ ಎರಡು ದರ್ಪಣಗಳಲ್ಲಿ ಉಳಿಯುತ್ತಿದ್ದ ಬೆಳಕು ನೂರರಲ್ಲಿ ನಲವತ್ತೈದು. ಒಂದನ್ನು ತೆಗೆದದ್ದರಿಂದ ಅದು ಅರವತ್ತೇಳಕ್ಕೆ ಏರಿತು. ೧೭೮೭ನೆಯ ಜನವರಿ ೧೧ರಂದು ಎರಡು ಉಪಗ್ರಹಗಳು ಕಂಡುವು.

ಆ ಗೆಲವಿನ ಹುರುಪಿನಲ್ಲಿ ಅದೇ ವರ್ಷದ ಫೆಬ್ರುವರಿಯಲ್ಲಿ ಗ್ರಹದ ಸುತ್ತ ಬಳೆಯೂ ಇರುವಂತೆ ಅವನಿಗೆ ತೋರಿತು. ಇಲ್ಲಿ ಅವನು ತನ್ನ ಹಳೆಯ ಪದ್ಧತಿಯನ್ನೇ ಹಿಡಿದನು. ಕಂಡದ್ದು ಆಕಾಶದಲ್ಲಿದೆಯೋ ಯಂತ್ರದಲ್ಲಿದೆಯೋ ಎಂದು ತಿಳಿಯಲು ಯಂತ್ರದ ಅಂಗಗಳನ್ನು ಬದಲಿಸಿ ನೋಡುವುದು ಆ ಪದ್ಧತಿ. ದರ್ಪಣವನ್ನು ಅದರ ಸ್ಥಾನದಲ್ಲಿಯೇ ತಿರುಗಿಸಿದನು; ಬೇರೆ ಬೇರೆ ರಾತ್ರಿಗಳಲ್ಲಿ ಪರೀಕ್ಷಿಸಿದನು; ಕಡೆಗೆ ೧೭೯೮ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಶನಿಗಿರುವಂಥ ಬಳೆ ಈ ಗ್ರಹಕ್ಕಿಲ್ಲವೆಂದು ನಿರ್ಣಯಿಸಿದನು. ಆದರೆ ಅದೇ ಪ್ರಬಂಧದಲ್ಲಿ ಇನ್ನೂ ನಾಲ್ಕು ಉಪಗ್ರಹಗಳನ್ನು ಅವನು ಹೆಸರಿಸಿದ್ದು ಮಾತ್ರ ನಿಲ್ಲಲಿಲ್ಲ. ಆ ನಾಲ್ಕೂ ಉಪಗ್ರಹಗಳಲ್ಲವೆಂಬುದು ಮುಂದೆ ತಿಳಿಯಿತು. ಬಳೆಗಳ ವಿಷಯ ೧೯೭೭ರವರೆಗೆ ಹಾಗೆಯೇ ಇತ್ತು. ಆ ವರ್ಷದ ಮಾರ್ಚಿ ೧೦ರಂದು ಯುರೇನಸ್ ಒಂದು ನಕ್ಷತ್ರದ ಮುಂದೆ ಹಾದುಹೋದಾಗ, ನಕ್ಷತ್ರದ ಬೆಳಕು ಗ್ರಹ ಮರೆಮಾಡುವುದಕ್ಕೆ ಮುಂಚೆಯೂ ಅನಂತರವೂ ಕ್ಷಣಕಾಲ ಕುಂದಿದ್ದನ್ನು ವಿಮಾನದಲ್ಲಿದ್ದ ಅಮೆರಿಕದ ವಿಜ್ಞಾನಿಗಳು ದಾಖಲಿಸಿದರು. ಬೆಂಗಳೂರಿನಲ್ಲಿ ಕೇಂದ್ರಸ್ಥಾನವುಳ್ಳ ಭಾರತೀಯ ಖಭೌತವಿಜ್ಞಾನ ಸಂಸ್ಥೆಯವರೂ ತಮಿಳುನಾಡಿನ ಕಾವಲೂರಿನ ಒಂದು ಮೀಟರ್ ದೂರದರ್ಶಕದಿಂದ ಆ ಘಟನೆಯನ್ನು ವೀಕ್ಷಿಸಿ ಅಂಥ ಕುಂದನ್ನು ಗುರುತಿಸಿದ್ದರು. ಈ ಬಳೆಗಳು ಬಹು ಕಿರಿದು, ಕಲ್ಲಿದ್ದಲಿನಂತೆ ಕಪ್ಪು. ಹರ್ಷೆಲನ ಯಾವ ನೇತ್ರಕಕ್ಕೂ ಅವು ನಿಲುಕುವಂತಿರಲಿಲ್ಲ. ಕಾವಲೂರಿನಲ್ಲಿ ಆ ರಾತ್ರಿ ಬೆಳಕನ್ನು ಅಳೆದದ್ದು ಕಣ್ಣಲ್ಲ, ದ್ಯುತಿವಿದ್ಯುನ್ಮಾಪಕ.